ನಡಿಗೆ, ನಡತೆ ಮತ್ತು ಎಂಟು ಪಿನ್ನುಗಳು

ನನ್ನ ಅತ್ತೆಯವರ ಎಡಗೈಯಲ್ಲಿ ಎರಡು ಚಿನ್ನದ ಬಳೆಗಳಿವೆ, ಆ ಬಳೆಗಳಿಗೆ ಜೋತುಬಿದ್ದು ಒಂದು ಗೊಂಚಲು ಪಿನ್ನುಗಳಿವೆ. ಸೆರಗಿಗೆ ಚುಚ್ಚಿಕೊಳ್ಳುವ, ಮಡಚಿದರೆ ಟಿಕ್ಕೆಂದು ಕೂರುವ ಮಾಮೂಲಿ ಪಿನ್ನುಗಳೇ. ಬಳೆಗಳ ಮಾತು ಬಿಡಿ, ಅವು ಹಬ್ಬಕ್ಕೊಮ್ಮೆ ಉಜ್ಜಿಸಿಕೊಂಡು ಹೊಳೆದು ಸುಮ್ಮನಾಗುತ್ತವೆ. ನಮ್ಮ ಮನೆಯನ್ನು ನಿಜವಾಗಿ ಹಿಡಿದಿಟ್ಟಿರುವುದು ಆ ಪಿನ್ನುಗಳು. ಕಿತ್ತುಹೋದ ರವಿಕೆಯ ಹುಕ್ಕಿಗೆ, ಸಡಿಲಾದ ದಿಂಬಿನ ಚೀಲಕ್ಕೆ, ಜಾರುವ ಕಿಟಕಿ ಪರದೆಗೆ, ಅಂಗಾಲಿಗೆ ಹೊಕ್ಕ ಮುಳ್ಳಿಗೆ, ಗ್ಯಾಸ್ ಒಲೆಯ ಕಟ್ಟಿಕೊಂಡ ಕಣ್ಣಿಗೆ, ಎಲ್ಲಕ್ಕೂ ಮೊದಲು ಮುಂದೆ ಬರುವುದು ಅತ್ತೆಯವರ ಎಡಗೈ. ಎಂಬತ್ತೆರಡು ದಾಟಿದ ಅವರಿಗೆ ನಿನ್ನೆ ಏನು ತಿಂದೆವೆಂಬುದು ಮರೆತುಹೋಗುತ್ತದೆ, ಆದರೆ ಯಾವ ಪಿನ್ನು ಯಾರ ಹತ್ತಿರ ಎಷ್ಟು ದಿನದಿಂದ ಉಳಿದುಕೊಂಡಿದೆ ಎಂಬುದು ಬಾಯಿಪಾಠ.

ಸೊಸೆಯಾಗಿ ಬಂದ ಹೊಸದರಲ್ಲಿ ನನಗೆ ಆ ಗೊಂಚಲು ಕಂಡರೆ ನಾಚಿಕೆ. ಜಯನಗರದ ಪ್ರೌಢಶಾಲೆಯಲ್ಲಿ ಕನ್ನಡ ಹೇಳಿಕೊಡುವ ಟೀಚರು ನಾನು. ಮದುವೆಮನೆಯಲ್ಲಿ ನನ್ನ ಪಕ್ಕದಲ್ಲಿ ಕುಳಿತವರ ಕೈ ಆಡಿದರೆ ಬಳೆಯ ಸದ್ದಿನ ಜೊತೆಗೆ ಕಬ್ಬಿಣದ ಅಂಗಡಿಯ ಸದ್ದೂ ಬರಬೇಕೆ? ಹೊರಡುವ ಮುಂಚೆ ಅದನ್ನೊಂದು ಬಿಚ್ಚಿಡಿ ಎಂದು ನಯವಾಗಿ ಹೇಳಿನೋಡಿದೆ. ಅವರು ಅಷ್ಟೇ ನಯವಾಗಿ ಕಿವುಡರಾದರು. ಅದೇ ಸಂಜೆ ಆರತಕ್ಷತೆಗೆ ನಿಂತಿದ್ದಾಗ ನನ್ನ ರೇಷ್ಮೆ ಸೀರೆಯ ನೆರಿಗೆ ಕಳಚಿಬಿತ್ತು, ಆಮೇಲಿನದನ್ನು ನಾನು ಹೇಳಬೇಕಾಗಿಲ್ಲ.

ಈಗ ಈ ಪಿನ್ನುಗಳ ಪುರಾಣ ಯಾಕೆಂದು ನೀವು ಕೇಳಬಹುದು. ಆ ಗೊಂಚಲಿನ ಎಂಟು ಪಿನ್ನುಗಳು ಕಳೆದ ವರ್ಷ ವಿಮಾನ ಹತ್ತಿ ಹೊರದೇಶಕ್ಕೆ ಹೋಗಿಬಂದವು. ನಮ್ಮ ಮನೆಯಲ್ಲಿ ನಾನೂ ಹೋಗಿಲ್ಲ, ನನ್ನ ಯಜಮಾನರೂ ಹೋಗಿಲ್ಲ. ಮೊದಲು ಹೋದ ಗೌರವ ಪಿನ್ನುಗಳದು. ಅವು ಹೋದದ್ದು ಹೇಗೆ, ಹೋಗದೇ ಉಳಿಯುವ ಅಪಾಯ ಎಷ್ಟು ಹತ್ತಿರ ಬಂದಿತ್ತು, ಆ ಅಪಾಯದಲ್ಲಿ ಕನ್ನಡದ ಒಂದು ಪುಟ್ಟ ಪದದ ಕೈವಾಡವೆಷ್ಟು ಎಂಬುದನ್ನು ಹೇಳದಿದ್ದರೆ ನನಗೂ ಸಮಾಧಾನವಿಲ್ಲ.

ನಾವಿರುವುದು ಅರೆಕೆರೆಯಲ್ಲಿ. ಅತ್ತೆಯವರು ಸೊಂಟ ಬಗ್ಗಿಸಿ ರಾಗಿಹೊಲದ ಕಳೆ ಕಿತ್ತ ಜಾಗದಲ್ಲಿ ಈಗ ನಮ್ಮ ಮೂರಂತಸ್ತಿನ ಮನೆ ನಿಂತಿದೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ನನ್ನ ಯಜಮಾನರು ಬನ್ನೇರುಘಟ್ಟ ರಸ್ತೆಯ ಪ್ಲೈವುಡ್ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಸೋಫಾ ಸೇರಿ ನಾಲ್ಕು ವರ್ಷವಾಯಿತು. ಅಂದಿನಿಂದ ಅವರು ಹೆಣ್ಣುಮಕ್ಕಳ ಆಟದ ಪರಮಭಕ್ತರು. ಹುಡುಗಿಯರು ಚೆಂಡು ಹೊಡೆದರೂ ಸರಿ, ಕುಸ್ತಿ ಹಿಡಿದರೂ ಸರಿ, ಭಾರ ಎತ್ತಿದರೂ ಸರಿ, ದೂರದ ಯಾವುದೋ ದೇಶದಲ್ಲಿ ನಮ್ಮ ಬಾವುಟ ಮೇಲೇರಿತೆಂದರೆ ಇವರ ಕಣ್ಣಲ್ಲಿ ನೀರು. "ಭಲೇ ಹುಡುಗಿ! ನೋಡೇ, ಹೆಂಗ್ ಎತ್ತಿದ್ಲು ನೋಡೇ!" ಎಂದು ಕೂಗುತ್ತಾರೆ, ಕೂಗಿದ ಬಾಯಿ ಒಣಗುತ್ತದೆ, ಕಾಫಿ ಬೇಕಾಗುತ್ತದೆ. ನೂರು ಕಿಲೋ ಎತ್ತಿದ ಹುಡುಗಿಯನ್ನು ಹೊಗಳುವ ಮನುಷ್ಯ ಕುಡಿದ ಲೋಟವನ್ನು ಅಡುಗೆಮನೆಯವರೆಗೆ ಎತ್ತಿಕೊಂಡು ಬಂದುದನ್ನು ನಾನಿನ್ನೂ ಕಂಡಿಲ್ಲ.

ಅವರನ್ನಷ್ಟೇ ಅಂದು ಏನು ಪ್ರಯೋಜನ? ಗೆದ್ದ ಹೆಣ್ಣುಮಕ್ಕಳ ವಿಷಯದಲ್ಲಿ ನಾವೆಲ್ಲರೂ ಹೀಗೇ. ವ್ಯಾಕರಣ ಕಲಿಸಿದವಳಾದ್ದರಿಂದ ನಾನು ಸರ್ವನಾಮಗಳನ್ನು ಸ್ವಲ್ಪ ಗಮನವಿಟ್ಟು ಕೇಳುತ್ತೇನೆ. ಪದಕ ಕೊರಳಿಗೆ ಬೀಳುವವರೆಗೆ ಅವಳು 'ಯಾರೋ ಹುಡುಗಿ', ಬಿದ್ದ ಮರುಗಳಿಗೆ 'ನಮ್ಮ ಹುಡುಗಿ'. ಚಡ್ಡಿ ಹಾಕಿಕೊಂಡು ಬೀದಿಯಲ್ಲಿ ಓಡುವಾಗ ಅವಳು 'ಅವರ ಮನೆಯವಳು', ಟಿವಿಯಲ್ಲಿ ಓಡುವಾಗ 'ಮನೆಮಗಳು'. ಆ 'ಯಾರೋ' ಮತ್ತು 'ನಮ್ಮ' ಎಂಬ ಎರಡು ಮಾತುಗಳ ನಡುವಿನ ದಾರಿಯನ್ನು ಮಾತ್ರ ಅವಳು ಒಬ್ಬಳೇ ಸವೆಸಬೇಕು.

ಎರಡು ವರ್ಷದ ಹಿಂದೆ ನಮ್ಮ ಎರಡನೆಯ ಮಹಡಿಯ ಒಂದು ಕೋಣೆಯ ಮನೆ ಕೇಳಿಕೊಂಡು ನೀಲಮ್ಮ ಬಂದಳು. ಬಾಗಲಕೋಟೆ ಕಡೆಯವಳು, ಇಪ್ಪತ್ತಮೂರು ವಯಸ್ಸು, ಕಡ್ಡಿಯಂಥ ಮೈ, ಆಟದ ಕೋಟಾದಲ್ಲಿ ಸಿಕ್ಕ ಕಚೇರಿ ಕೆಲಸ. ನಾನು ಟೀಚರೆಂದು ತಿಳಿದದ್ದೇ ತಡ, ಅವರ ಕಡೆಯ ರೂಢಿಯಂತೆ "ಅಕ್ಕಾರ" ಎಂದು ಕರೆಯತೊಡಗಿದಳು. ಮನೆ ಕೊಡುವ ಮುಂಚೆ ಎಲ್ಲ ಮಾಲೀಕರೂ ಹೇಳುವ ಮಾತನ್ನು ನಾನೂ ಹೇಳಿದೆ: "ನೋಡಮ್ಮ, ನಮಗೆ ಬೇರೇನೂ ಬೇಡ, ನಡತೆ ಒಂದು ಚೆನ್ನಾಗಿರಬೇಕು." ಅವಳು ತುಟಿಯ ಕೊನೆಯಲ್ಲಿ ನಕ್ಕು, "ಅದನ್ನಽ ಕಲಿಯಾಕ ಬೆಂಗಳೂರಿಗೆ ಬಂದೀನ್ರಿ ಅಕ್ಕಾರ," ಎಂದಳು. ಒಳ್ಳೆಯ ಸಂಸ್ಕಾರವಂತ ಹುಡುಗಿ ಎಂದುಕೊಂಡೆ. ಅವಳು ಆಡಿದ್ದು ಶ್ಲೇಷೆ ಎಂಬುದು, ಮೂವತ್ತು ವರ್ಷ ಅಲಂಕಾರ ಪಾಠ ಮಾಡಿದ ನನ್ನ ತಲೆಗೆ ಹೊಳೆಯಲಿಲ್ಲ.

ಯಾಕೆಂದರೆ ಅವಳ ಆಟ ನಡೆಯುವುದು. ಓಡುವುದಲ್ಲ, ಜಿಗಿಯುವುದಲ್ಲ, ನಡೆಯುವುದು. ಮೊದಲು ಓಟಗಾರ್ತಿಯೇ ಆಗಿದ್ದವಳು ಹಿಮ್ಮಡಿಗೆ ಪೆಟ್ಟಾದ ಮೇಲೆ ವೇಗದ ನಡಿಗೆಯ ಸ್ಪರ್ಧೆಗೆ ಹೊರಳಿದ್ದಳು. ಅದರ ಕಟ್ಟಳೆಗಳನ್ನು ಅವಳೇ ನಮ್ಮ ಹಜಾರದಲ್ಲಿ ನಡೆದು ತೋರಿಸಿದಳು. ಎರಡೂ ಪಾದಗಳು ಒಟ್ಟಿಗೆ ನೆಲ ಬಿಟ್ಟದ್ದು ಕಣ್ಣಿಗೆ ಕಾಣಬಾರದು. ಮುಂದಿಟ್ಟ ಕಾಲಿನ ಮಂಡಿ, ಮೈ ಅದರ ಮೇಲೆ ಬರುವವರೆಗೂ ಬಾಗಬಾರದು. ಹೀಗೆ ನಡೆಯುತ್ತ ಓಡುವವರಷ್ಟು ವೇಗ ಬೇಕೆಂದರೆ ಸೊಂಟ ಎಡಕ್ಕೂ ಬಲಕ್ಕೂ ಹೊರಳಲೇಬೇಕು. ಮೊದಲ ದಿನ ಮುಂಜಾನೆ ಅವಳು ಗೇಟು ದಾಟಿ ಹೀಗೆ ಹೊರಟದ್ದನ್ನು ಕಂಡು ರಂಗೋಲಿ ಬಿಡುತ್ತಿದ್ದ ಅತ್ತೆಯವರು ಗಾಬರಿಯಾಗಿ ಒಳಗೆ ಬಂದಿದ್ದರು. "ಯಾಕವ್ವ ಆ ಹುಡ್ಗಿ ಅಂಗ್ ನಡೀತಾವ್ಳೆ? ಒಟ್ಟೆ ಗಿಟ್ಟೆ ಕೆಟ್ಟೈತೇನೋ, ಒಸಿ ಜೀರಿಗೆ ಕಷಾಯ ಕಾಯ್ಸು," ಎಂದರು.

ಸ್ಪರ್ಧೆಯ ದಾರಿಯುದ್ದಕ್ಕೂ ತೀರ್ಪುಗಾರರು ನಿಂತಿರುತ್ತಾರಂತೆ. ಅವರಿಗೆ ಬೇರೆ ಕೆಲಸವಿಲ್ಲ, ಈ ಹುಡುಗಿಯ ಕಾಲು ನೆಲದ ಮೇಲಿದೆಯೋ ಇಲ್ಲವೋ ಎಂದು ಕಣ್ಣಿಟ್ಟು ನೋಡುವುದೊಂದೇ. ಮೂರು ಜನ ತಪ್ಪು ಕಂಡರೆ ಆಟ ಕೆಟ್ಟಿತು. ಇದನ್ನು ಕೇಳಿ ನನಗೆ ನಗು ಬಂದಿತ್ತು, ಏಕೆಂದರೆ ಅಂಥ ತೀರ್ಪುಗಾರರು ನಮ್ಮ ಬೀದಿಯಲ್ಲೇ ಬೇಕಾದಷ್ಟಿದ್ದಾರೆ, ಸಂಬಳವಿಲ್ಲ, ಸಮವಸ್ತ್ರವಿಲ್ಲ, ರಜೆಯಂತೂ ಇಲ್ಲವೇ ಇಲ್ಲ. ಎದುರು ಮನೆಯವರು ಹಾಲಿನ ಪ್ಯಾಕೆಟ್ಟು ಹಿಡಿದುಕೊಂಡೇ ಅವಳು ತಿರುವು ದಾಟುವವರೆಗೂ ನೋಡುತ್ತಿದ್ದರು. ಬೈಕಿನ ಹುಡುಗರು ಬೈಕು ನಿಲ್ಲಿಸಿ ಮೊಬೈಲು ಎತ್ತುತ್ತಿದ್ದರು. ಒಂದು ತಿಂಗಳಾದ ಮೇಲೆ ಆ ತೀರ್ಪುಗಾರರ ಸಾಲಿಗೆ ಇನ್ನೊಬ್ಬರು ಸೇರಿದರು. ಅದು ನಾನೇ.

ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ಒಂದು ದಿನ ಅವಳನ್ನು ಕರೆದು, "ನೀಲಮ್ಮ, ನೀನು ಮಾಡೋದು ತಪ್ಪು ಅಂತಲ್ಲಮ್ಮ. ಆದರೆ ನಮ್ಮ ಬೀದಿ ದಾಟೋವರೆಗೆ ಎಲ್ಲರ ಹಾಗೆ ನಡಕೊಂಡು ಹೋಗು. ಇಲ್ಲ ಅಂದ್ರೆ ಹಿಂದಿನ ಓಣಿಯಿಂದ ಹೋಗಿಬಿಡು," ಎಂದೆ. ಅವಳು ಮರುದಿನದಿಂದ ಹಿಂದಿನ ಓಣಿ ಹಿಡಿದಳು. ಅದೇ ಸಂಜೆ ನಾನೂ ಯಜಮಾನರೂ ಟಿವಿಯಲ್ಲಿ ನಮ್ಮ ದೇಶದ ಹುಡುಗಿಯರ ರಿಲೇ ಓಟ ನೋಡಿ ಚಪ್ಪಾಳೆ ತಟ್ಟಿದೆವು.

ಹಿಂದಿನ ಓಣಿಯಲ್ಲೇ ನಡೆದು ನಡೆದು ಆ ಹುಡುಗಿ ರಾಜ್ಯಕ್ಕೆ ಮೊದಲಿಗಳಾದಳು, ದೇಶದ ತಂಡಕ್ಕೆ ಆರಿಸಿ ಬಂದಳು. ಹೊರದೇಶದಲ್ಲಿ ದೊಡ್ಡ ಕ್ರೀಡಾಕೂಟ, ಇಪ್ಪತ್ತು ಕಿಲೋಮೀಟರಿನ ನಡಿಗೆ. ಸುದ್ದಿ ಕೇಳಿದ ಗಳಿಗೆಯಿಂದ ಯಜಮಾನರ ಬಾಯಲ್ಲಿ ಅವಳು 'ನಮ್ಮ ನೀಲಮ್ಮ'. ಬೆಳಿಗ್ಗೆ ಬೇಗ ಎದ್ದು ಹುಳಿಮಾವು ಕೆರೆಯ ದಾರಿಯಲ್ಲಿ ಕಾರು ನಿಲ್ಲಿಸಿಕೊಂಡು ಅವಳ ಸುತ್ತುಗಳನ್ನು ಎಣಿಸುವುದು, ನೀರಿನ ಬಾಟಲಿ ನೀಡುವುದು, ಮನೆಗೆ ಬಂದು ಕಾಫಿ ಕೇಳುವುದು ಇವರ ದಿನಚರಿಯಾಯಿತು. ಹೀಗಿರುವಾಗ, ಅವಳು ವಿಮಾನ ಹತ್ತಲು ಆರು ದಿನ ಉಳಿದಿದ್ದಾಗ, ಅವಳ ತಂದೆ ಮಲ್ಲಪ್ಪನವರು ಯಜಮಾನರಿಗೆ ಫೋನು ಮಾಡಿದರು.

ಇಲ್ಲಿ ನಿಮಗೊಂದು ಮಾತು ತಿಳಿದಿರಬೇಕು. ಮಗಳು ಇನ್ನೂ ಓಡುತ್ತಾಳೆಂದೇ ಮಲ್ಲಪ್ಪನವರು ನಂಬಿದ್ದರು. ನಡೆಯುವುದೂ ಒಂದು ಆಟವೇ ಎಂದು ಊರವರು ನಕ್ಕಾರೆಂದು ಹೆದರಿ ಅವಳು ಹೇಳಿರಲಿಲ್ಲ. ಮಗಳನ್ನು ಪರದೇಶಕ್ಕೆ ಕಳಿಸುವ ಮುಂಚೆ, ಅವಳಿರುವ ಮನೆಯ ಹಿರಿಯರನ್ನು ಒಂದು ಮಾತು ಕೇಳಿಬಿಡೋಣವೆಂದು ಆ ತಂದೆ ಫೋನು ಮಾಡಿದ್ದು. ನಾನು ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಿದ್ದೆ, ಫೋನು ಸ್ಪೀಕರಿನಲ್ಲಿತ್ತು, ಮಿಕ್ಸಿ ಬೇರೆ ಕೂಗುತ್ತಿತ್ತು. ಆ ಕಡೆಯಿಂದ ಬಂದ ಪ್ರಶ್ನೆ ಇಷ್ಟೇ: "ಸಾಹೇಬ್ರ, ನಮ್ಮ ಹುಡುಗಿ ನಡತಿ ಹೆಂಗೈತ್ರಿ?"

ಬಾಗಲಕೋಟೆ ಕಡೆ ಮನೆ 'ಮನಿ'ಯಾಗುತ್ತದೆ, ಕೆರೆ 'ಕೆರಿ'ಯಾಗುತ್ತದೆ, ನಡತೆ 'ನಡತಿ'ಯಾಗುತ್ತದೆ. ಹಗಲೂ ಇರುಳೂ ಅವಳ ನಡಿಗೆಯನ್ನೇ ಧ್ಯಾನಿಸುತ್ತಿದ್ದ ನನ್ನ ಯಜಮಾನರು, ನಡಿಗೆಗೆ ಆ ಕಡೆಯವರು 'ನಡತಿ' ಅನ್ನುತ್ತಾರೆಂದು ತಿಳಿದು, ಹಿಗ್ಗಿ ಶುರುಮಾಡಿಯೇಬಿಟ್ಟರು.

"ಅಯ್ಯೋ ಅದೇನ್ ಕೇಳ್ತೀರಾ ಸಾರ್! ಸಖತ್ತು! ಬೆಳಿಗ್ಗೆ ಐದು ಗಂಟೆಗೆ ಮನೆ ಬಿಟ್ರೆ ಮುಗೀತು. ಹುಳಿಮಾವು ತನಕ ಹೆಸ್ರು ಮಾಡವ್ಳೆ. ಸೊಂಟ ತಿರುಗ್ಸೋದ್ ನೋಡ್ಬೇಕು ನೀವು, ಹುಡುಗ್ರು ಬೈಕ್ ನಿಲ್ಲಿಸ್ಕೊಂಡು ವಿಡಿಯೋ ಮಾಡ್ತಾರೆ. ಮೊದಲು ನಮ್ಮ ಮನೆಯವಳು ಹಿಂದಿನ ಓಣಿಲಿ ಹೋಗು ಅಂದಿದ್ಲು, ಈಗ ನಾನೇ ಕಾರಲ್ಲಿ ಹಿಂದೆ ಹೋಗ್ತೀನಿ!"

ಮಲ್ಲಪ್ಪನವರು "ಆತ್ರಿ," ಎಂದಷ್ಟೇ ಹೇಳಿ ಫೋನು ಇಟ್ಟರು. "ಪಾಪ, ಖುಷಿಗೆ ಮಾತೇ ಹೊರಡ್ಲಿಲ್ಲ ಮನುಷ್ಯನಿಗೆ," ಎಂದು ನನ್ನ ಯಜಮಾನರು ಕಣ್ಣೊರೆಸಿಕೊಂಡರು. ನಾನು ಮಿಕ್ಸಿ ನಿಲ್ಲಿಸಲು ಎದ್ದು ಹೋದೆ.

ಮರುದಿನ ಬೆಳಗ್ಗೆ ಏಳು ಗಂಟೆಗೆ ಮಲ್ಲಪ್ಪನವರು ನಮ್ಮ ಗೇಟಿನಲ್ಲಿ ನಿಂತಿದ್ದರು. ಬಿಳಿ ಧೋತರ, ತಲೆಗೆ ರುಮಾಲು, ಹೆಗಲಿಗೊಂದು ಚೀಲ; ಇಡೀ ರಾತ್ರಿ ಬಸ್ಸಿನಲ್ಲಿ ರೆಪ್ಪೆ ಮುಚ್ಚಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. ಒಳಗೆ ಕರೆದರೆ ಬರಲಿಲ್ಲ, ನೀರು ಕೊಟ್ಟರೆ ಮುಟ್ಟಲಿಲ್ಲ. "ಮಗಳನ್ನ ಕರಕೊಂಡ ಹೋಗಾಕ ಬಂದೀನ್ರಿ. ಆಟಾನೂ ಬ್ಯಾಡ, ವಿಮಾನಾನೂ ಬ್ಯಾಡ," ಎಂದು ನೆಲ ನೋಡಿಕೊಂಡು ಹೇಳಿದರು. ಆಮೇಲೆ ತಲೆಯೆತ್ತಿ ನನ್ನನ್ನು ಕೇಳಿದರು: "ನೀವು ಸಾಲಿ ಕಲಿಸಿದ ಅಕ್ಕಾರಂತ. ಕಣ್ಣಮುಂದ ಹುಡುಗಿ ನಡತಿ ಕೆಟ್ರ, ಒಂದ ಮಾತ ನನಗ ಹೇಳಬಾರದೇನ್ರಿ?"

ನಡತೆ, ನಡತಿ, ನಡಿಗೆ. ಹಿಂದಿನ ದಿನದ ಫೋನಿನ ಮಾತು ಒಂದೊಂದಾಗಿ ನೆನಪಾಗಿ, ಅದನ್ನು ಒಬ್ಬ ತಂದೆಯ ಕಿವಿಯಿಂದ ಕೇಳಿಸಿಕೊಂಡೆ. ಸೊಂಟ, ಬೈಕಿನ ಹುಡುಗರು, ಹಿಂದಿನ ಓಣಿ, ಕಾರಿನಲ್ಲಿ ಹಿಂಬಾಲಿಸುವ ಮನೆ ಮಾಲೀಕ! ಕೆರೆಯಿಂದ ಕಾಫಿಗೆಂದು ಮರಳಿದ್ದ ನನ್ನ ಯಜಮಾನರು ಹೊರಗೆ ಬಂದು ನಗುನಗುತ್ತಾ ಕೈ ಮುಗಿದರೆ ಮಲ್ಲಪ್ಪನವರು ಮುಖ ತಿರುಗಿಸಿದರು. ನೀಲಮ್ಮ ಆ ಹೊತ್ತಿಗೆ ಕೆರೆಯ ಹತ್ತಿರ ಇದ್ದಳು. ಆರು ವರ್ಷ ಅವಳು ಬೆವರು ಸುರಿಸಿ ಗಳಿಸಿದ್ದೆಲ್ಲ, ನನ್ನ ಜೀವಮಾನದ ಕಸುಬಾದ ಕನ್ನಡದ ಒಂದು ಅಕ್ಷರದ ಅದಲುಬದಲಿನಲ್ಲಿ, ನನ್ನ ಮನೆಯ ಗೇಟಿನಲ್ಲೇ ಮುಗಿದುಹೋಗುವುದರಲ್ಲಿತ್ತು.

ನಾನು ವಿವರಿಸಿದೆ. ನಡತೆಯಲ್ಲ, ನಡಿಗೆ, ಅದೊಂದು ಆಟ, ಲೋಕವೆಲ್ಲ ಆಡುವ ಆಟ ಎಂದೆ. ಮಲ್ಲಪ್ಪನವರು ನನ್ನನ್ನು ಕನಿಕರದಿಂದ ನೋಡಿದರು. "ನಡಿಯೂದು ಆಟ ಹೆಂಗ ಆಗ್ತೈತ್ರಿ ಅಕ್ಕಾರ? ನಾ ಹದಿನೆಂಟ ವರ್ಷ ಶ್ರೀಶೈಲಕ್ಕ ಪಾದಯಾತ್ರಿ ಮಾಡೀನಿ. ನನಗ ಯಾರೂ ಪದಕ ಕೊಟ್ಟಿಲ್ಲ," ಎಂದರು. ವಾದದಲ್ಲಿ ನಾನು ಸೋತೆ. ಆಗ ಅತ್ತೆಯವರು ಸೆರಗು ಬಿಗಿದುಕೊಂಡು ಮೆಟ್ಟಿಲಿಳಿದರು. "ಬಾಯಲ್ ಏನೇಳ್ತೀಯವ್ವ ನೀನು, ಅತ್ಲಾಗ್ ಕರ್ಕೊಂಡೋಗಿ ತೋರ್ಸು. ಬಾ ಯಜಮಾನ, ನಾನೂ ಬತ್ತೀನಿ. ನಡ್ಯೋದ್ನ ನಡ್ಯೋವಾಗ್ಲೇ ನೋಡ್ಬೇಕು," ಎಂದು ಎಲ್ಲರಿಗಿಂತ ಮೊದಲು ಕಾರಿನ ಮುಂದಿನ ಸೀಟಿನಲ್ಲಿ ಕುಳಿತರು.

ಕೆರೆಯ ದಾರಿಯಲ್ಲಿ ಇನ್ನೂ ಎಳೆಬಿಸಿಲು. ದೂರದ ತಿರುವಿನಲ್ಲಿ ನೀಲಮ್ಮ ಕಾಣಿಸಿದಳು. ಮೊಣಕೈ ಮಡಚಿ, ಕತ್ತು ನೆಟ್ಟಗಿಟ್ಟು, ಒಂದರ ಮುಂದೊಂದು ಪಾದ ಒಂದೇ ಗೆರೆಯ ಮೇಲಿಡುತ್ತ ಬರುತ್ತಿದ್ದಳು. ಅಪ್ಪನನ್ನು ಕಂಡು ಅವಳ ಮುಖ ಒಂದು ಕ್ಷಣ ಬಿಳಿಚಿತು, ಆದರೆ ಕಾಲು ನಿಲ್ಲಲಿಲ್ಲ. ಮಲ್ಲಪ್ಪನವರು ಚಪ್ಪಲಿ ಕಳಚಿದರು, ಧೋತರ ಎತ್ತಿ ಕಟ್ಟಿದರು, ಅವಳು ಹತ್ತಿರ ಬಂದಾಗ ಪಕ್ಕಕ್ಕೆ ಸೇರಿಕೊಂಡು ನಡೆಯತೊಡಗಿದರು.

ಅಪ್ಪ ಬರಿಗಾಲಿನಲ್ಲಿ, ಮಗಳು ಬಣ್ಣದ ಬೂಟಿನಲ್ಲಿ. ಒಂದು ಲೈಟ್ ಕಂಬದಿಂದ ಇನ್ನೊಂದರವರೆಗೆ ಇಬ್ಬರದೂ ಒಂದೇ ಹೆಜ್ಜೆ. ಎರಡನೆಯ ಕಂಬದ ಹತ್ತಿರ ಅಪ್ಪ ಅರ್ಧ ಹೆಜ್ಜೆ ಹಿಂದಾದರು. ಮೂರನೆಯದರ ಹತ್ತಿರ ಮಗಳು ಮುಂದೆ ಹೋಗಿಬಿಟ್ಟಳು. ಮಲ್ಲಪ್ಪನವರು ಮಂಡಿಯ ಮೇಲೆ ಕೈಯಿಟ್ಟು ಬಗ್ಗಿ ನಿಂತರು. ನಾವು ಗಾಬರಿಯಿಂದ ಓಡಿಹೋಗಿ ನೋಡಿದರೆ ಮನುಷ್ಯ ಏದುಸಿರು ಬಿಡುತ್ತ ನಗುತ್ತಿದ್ದಾರೆ, ಕಣ್ಣಿಂದ ನೀರು ಸುರಿಯುತ್ತಿದೆ.

"ಹದಿನೆಂಟ ವರ್ಷದಾಗ ನಮ್ಮ ತಂಡದಾಗ ಒಬ್ರೂ ನನ್ನ ಮುಂದ ಹೋಗಿದ್ದಿಲ್ರಿ ಅಕ್ಕಾರ. ಇವತ್ತ ಹೋದ್ಲು ನೋಡ್ರಿ, ನನ್ನ ಮಗಳು," ಎಂದರು. ಆಮೇಲೆ ಮೆತ್ತಗೆ, ತಮಗೇ ಹೇಳಿಕೊಳ್ಳುವಂತೆ, "ನಡತಿ ಭಾಳ ಚಲೋ ಐತಿ," ಎಂದರು. ಅವರು ಯಾವ ಅರ್ಥದಲ್ಲಿ ಹೇಳಿದರೆಂದು ನಾನು ಕೇಳಲಿಲ್ಲ.

ಸುತ್ತು ಮುಗಿಸಿ ಬಂದ ಮಗಳು ತಲೆ ತಗ್ಗಿಸಿ ನಿಂತಾಗ ಅವರು ಕೇಳಿದ್ದು ಒಂದೇ: "ಬರಿಗಾಲಾಗ ನಡದ್ರ ಆಗಂಗಿಲ್ಲೇನವಾ? ಇನ್ನೂ ಜೋರ ಹೋಗ್ತೀದಿ." ಅಲ್ಲೇ, ಎಲ್ಲರ ಎದುರಿನಲ್ಲೇ, ನಾನೂ ನನ್ನ ತಪ್ಪು ಒಪ್ಪಿಕೊಂಡೆ. ಬೀದಿಯವರ ಕಣ್ಣಿಗೆ ಹೆದರಿ ಇವಳನ್ನು ಹಿಂದಿನ ಓಣಿಗೆ ಅಟ್ಟಿದವಳು ನಾನೇ, ನನ್ನನ್ನು ಕ್ಷಮಿಸಮ್ಮ ಎಂದೆ. ನೀಲಮ್ಮ ಮುಖದ ಬೆವರು ಒರೆಸಿಕೊಂಡು ನಕ್ಕಳು. "ಇರ್ಲಿ ಬಿಡ್ರಿ ಅಕ್ಕಾರ. ಆ ಓಣ್ಯಾಗ ನಾಯಿ ಭಾಳ ಅದಾವು. ನನ್ನ ಟೈಮಿಂಗ್ ಸುಧಾರಿಸಿದ್ದಽ ಅವುಗಳಿಂದ," ಎಂದಳು. ಕ್ಷಮೆಯನ್ನು ಇಷ್ಟು ಹಗುರವಾಗಿ ಕೊಡುವವರ ಮುಂದೆ ನಿಲ್ಲುವುದು ಎಷ್ಟು ಕಷ್ಟವೆಂದು ನನಗೆ ಅಂದು ಗೊತ್ತಾಯಿತು.

ಹೊರಡುವ ಹಿಂದಿನ ದಿನ ಅವಳು ಬಟ್ಟೆ ಜೋಡಿಸುತ್ತಾ ಒಂದು ಮಾತು ಹೇಳಿದಳು. ಸ್ಪರ್ಧೆಯಲ್ಲಿ ಎದೆಗೊಂದು ಬೆನ್ನಿಗೊಂದು ನಂಬರಿನ ಬಟ್ಟೆ ಹಚ್ಚಿಕೊಳ್ಳಬೇಕಂತೆ, ಒಂದೊಂದಕ್ಕೆ ನಾಲ್ಕು ಪಿನ್ನು. ಹೋದ ಸಲ ಅಲ್ಲಿ ಕೊಟ್ಟ ಪಿನ್ನು ನಡುದಾರಿಯಲ್ಲಿ ಬಿಚ್ಚಿಕೊಂಡು ಕೊನೆಯವರೆಗೂ ಚುಚ್ಚಿತಂತೆ. ಅತ್ತೆಯವರು ಎಡಗೈ ಮುಂದೆ ಚಾಚಿದರು. ಗೊಂಚಲಿನಿಂದ ಒಂದೊಂದಾಗಿ ಎಂಟು ಪಿನ್ನು ಬಿಡಿಸಿ, ಒಂದೊಂದನ್ನೂ ತೆರೆದು ಮುಚ್ಚಿ ಪರೀಕ್ಷಿಸಿ ಅವಳ ಅಂಗೈಯಲ್ಲಿಟ್ಟರು. "ಇವು ಬಿಚ್ಕಣಲ್ಲ, ಧೈರ್ಯವಾಗ್ ನಡಿ. ಬರ್ವಾಗ ಮಾತ್ರ ತಂದ್ಕೊಡು, ಮರೀಬೇಡ," ಎಂದರು. ನಾನು ಮದುವೆಮನೆಯಲ್ಲಿ ನಾಚಿದ್ದ ಅದೇ ಗೊಂಚಲು ಅರ್ಧ ಖಾಲಿಯಾಗಿ ಅವರ ಕೈ ಬೋಳಾಗಿ ಕಂಡಿತು.

ಸ್ಪರ್ಧೆಯ ದಿನ ನಮಗೆ ಮಧ್ಯಾಹ್ನದ ಹೊತ್ತು. ಟಿವಿಯಲ್ಲಿ ಬರಲಿಲ್ಲ, ಯಜಮಾನರು ಮೊಬೈಲನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿಟ್ಟರು. ಸಣ್ಣ ಪರದೆಯಲ್ಲಿ ಮೂವತ್ತು ಹುಡುಗಿಯರು ಸೊಂಟ ಹೊರಳಿಸುತ್ತ ಹೊರಟಾಗ, ಅತ್ತೆಯವರು ನೆಮ್ಮದಿಯಿಂದ, "ಎಲ್ಲಾರೂ ಇವ್ಳಂಗೇ ನಡೀತಾವ್ರೆ," ಎಂದರು. ನಡುವೆ ತೀರ್ಪುಗಾರ್ತಿಯೊಬ್ಬರು ನೀಲಮ್ಮನ ಮುಂದೆ ಹಿಡಿಯಿದ್ದ ಹಳದಿ ಬಿಲ್ಲೆಯನ್ನು ಎತ್ತಿದರು. "ಅದ್ಯಾಕೆ ಆಯಮ್ಮ ಬೀಸಣಿಗೆ ತೋರಿಸ್ತಾವ್ಳೆ?" ಎಂದು ಅತ್ತೆಯವರು ಕೇಳಿದಾಗ, ಅದು ಎಚ್ಚರಿಕೆಯ ಬಿಲ್ಲೆ ಎಂದು ಯಜಮಾನರು ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು. ಆಮೇಲೆ ದಾರಿಬದಿಯ ಹಲಗೆಯ ಮೇಲೆ ಅವಳ ನಂಬರಿನ ಮುಂದೆ ಒಂದು ಕೆಂಪು ಚುಕ್ಕೆ ಬಿತ್ತು, ಹದಿನೈದನೆಯ ಕಿಲೋಮೀಟರಿನಲ್ಲಿ ಇನ್ನೊಂದು. ಮೂರನೆಯದು ಬಿದ್ದರೆ ಮುಗಿಯಿತು. ಕಾಲು ನೆಲದಲ್ಲಿರಲಿ ತಾಯಿ, ಕಾಲು ನೆಲದಲ್ಲಿರಲಿ ಎಂದು ನಾನು ಬಾಯಿಬಿಟ್ಟೇ ಹೇಳಿಕೊಳ್ಳುತ್ತಿದ್ದೆ. ಯಜಮಾನರಿಗಂತೂ ಕಾಫಿಯ ನೆನಪೇ ಆಗಲಿಲ್ಲ, ಇದನ್ನು ನಮ್ಮ ಮನೆಯ ಇತಿಹಾಸದಲ್ಲಿ ಬರೆದಿಡಬೇಕು.

ಮೂರನೆಯ ಚುಕ್ಕೆ ಬೀಳಲಿಲ್ಲ. ಮೂರನೆಯವಳಾಗಿ ನೀಲಮ್ಮ ಗೆರೆ ದಾಟಿದಳು. ಕಂಚು. ನಾನು ಅತ್ತುಬಿಟ್ಟೆ, ಜೋರಾಗಿಯೇ ಅತ್ತುಬಿಟ್ಟೆ, ಯಜಮಾನರು ಬೀದಿಗೆ ಓಡಿದರು, ಅತ್ತೆಯವರು ಪರದೆಗೆ ಮೂಗು ತಾಗಿಸಿ ಅವಳ ಎದೆಯ ನಂಬರನ್ನು ನೋಡಿ, "ಒಂದೂ ಬಿಚ್ಕಂಡಿಲ್ಲ!" ಎಂದು ಘೋಷಿಸಿದರು.

ಮೂರು ದಿನದಲ್ಲಿ ನಮ್ಮ ಬೀದಿಯ ತುದಿಯಲ್ಲಿ ದೊಡ್ಡ ಫ್ಲೆಕ್ಸು ಎದ್ದಿತು. ಖರ್ಚು ಎದುರು ಮನೆಯವರದು, ಬರಹ ನನ್ನ ಯಜಮಾನರದು. ಕನ್ನಡ ಟೀಚರನ್ನು ಕಟ್ಟಿಕೊಂಡೂ ಅವರು ನನಗೆ ತೋರಿಸದೆ ಅಚ್ಚಿಗೆ ಕೊಟ್ಟಿದ್ದರು. 'ಅಂತರರಾಷ್ಟ್ರೀಯ ನಡತೆ ಸ್ಪರ್ಧೆಯಲ್ಲಿ ಕಂಚು ಗೆದ್ದ ನಮ್ಮ ಬೀದಿಯ ಹೆಮ್ಮೆಯ ಪುತ್ರಿಗೆ ಅಭಿನಂದನೆಗಳು' ಎಂದಿತ್ತು. ಮೂವತ್ತು ವರ್ಷ ಕೆಂಪು ಶಾಯಿ ಹಿಡಿದ ನನ್ನ ಕೈ ತುರಿಸಿತು. ಆದರೆ ಇಷ್ಟು ಹೆಣ್ಣುಮಕ್ಕಳ ನಡತೆಗೆ ಇಷ್ಟು ವರ್ಷ ಅಂಕ ಹಾಕಿದ ಬೀದಿ, ಒಮ್ಮೆಯಾದರೂ ತಾನಾಗಿ ಪದಕ ಕೊಟ್ಟಿದೆಯಲ್ಲ, ಇರಲಿ ಎಂದು ಬಿಟ್ಟೆ. ನೀಲಮ್ಮನೇ ಅದರ ಕೆಳಗೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಈಗ ಅವಳು ಮುಂದಿನ ಬೀದಿಯಿಂದಲೇ ಹೊರಡುತ್ತಾಳೆ. ನೋಡುವವರು ಈಗಲೂ ನೋಡುತ್ತಾರೆ. ನಾನು ಗೇಟಿನಲ್ಲಿ ನಿಂತು, ನೋಡುವವರನ್ನು ನೋಡುತ್ತೇನೆ.

ಪದಕವನ್ನು ಅವಳು ಮೊದಲು ತಂದು ಕೊಟ್ಟದ್ದು ಅತ್ತೆಯವರ ಕೈಗೆ. ಅವರು ಅದನ್ನು ತೂಗಿ ನೋಡಿ, ಹಿಂದಿರುಗಿಸಿ, "ಚೆಂದಾಗೈತೆ. ಪಿನ್ನೆಲ್ಲಿ?" ಎಂದರು. ನೀಲಮ್ಮ ನಾಲ್ಕೇ ಪಿನ್ನು ಕೊಟ್ಟಳು. ಇನ್ನು ನಾಲ್ಕು ಊರಿನಲ್ಲಿವೆ ಅಜ್ಜಿ, ತರಿಸಿಕೊಡುತ್ತೇನೆ ಎಂದಳು. ಆಮೇಲಿನ ಕೆಲವು ತಿಂಗಳು ನಮ್ಮ ಮನೆಯಲ್ಲಿ ಕಂಚಿನ ಮಾತಿಗಿಂತ ಆ ನಾಲ್ಕು ಪಿನ್ನಿನ ಮಾತೇ ಹೆಚ್ಚು.

ಮೊನ್ನೆ, ಯುಗಾದಿಗೆ ಇನ್ನು ಹತ್ತು ಹನ್ನೆರಡು ದಿನವಿರುವಾಗ, ನೀಲಮ್ಮ ಮೊಬೈಲು ಹಿಡಿದುಕೊಂಡು ಕೆಳಗಿಳಿದು ಬಂದಳು. ಶ್ರೀಶೈಲದ ದಾರಿಯಲ್ಲಿ ಯಾರೋ ಹಿಂದಿನಿಂದ ತೆಗೆದು ಕಳಿಸಿದ ಚಿತ್ರ. ಬಿಸಿಲ ರಸ್ತೆಯಲ್ಲಿ ಪಾದಯಾತ್ರಿಗಳ ಗುಂಪು, ಎಲ್ಲರಿಗಿಂತ ಮುಂದೆ ಮಲ್ಲಪ್ಪನವರು, ಬರಿಗಾಲು, ಎತ್ತಿಕಟ್ಟಿದ ಧೋತರ. ಅವರ ಬೆನ್ನಿನ ಚೀಲದ ಮೇಲೆ ಒಂದು ಬಿಳಿ ಬಟ್ಟೆಯ ತುಂಡು. ಅದರ ಮೇಲೆ ಸ್ಪರ್ಧೆಯಲ್ಲಿ ಮಗಳು ಬೆನ್ನಿಗೆ ಹಚ್ಚಿಕೊಂಡಿದ್ದ ನಂಬರು.

ಅತ್ತೆಯವರು ಕನ್ನಡಕ ತರಿಸಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿದರು. ಬಟ್ಟೆಯ ಮೂಲೆಗಳ ಮೇಲೆ ಬೆರಳಿಟ್ಟು ಎಣಿಸಿದರು. ಒಂದು, ಎರಡು, ಮೂರು. ನಾಲ್ಕನೆಯ ಮೂಲೆ ರುಮಾಲಿನ ಸೆರಗಿನಡಿ ಮರೆಯಾಗಿತ್ತು. ಎಡಗೈಯ ಗೊಂಚಲನ್ನು ಒಮ್ಮೆ ಸವರಿಕೊಂಡರು. ನೀಲಮ್ಮ ಅಪರಾಧಿಯಂತೆ, "ಅಪ್ಪ ಬಂದ ಮ್ಯಾಲೆ ಕಳಸ್ತಾರ್ರಿ ಅಜ್ಜಿ," ಎಂದಳು.

"ಬ್ಯಾಡ ಕಣವ್ವ," ಎಂದರು ಅತ್ತೆಯವರು. "ನಡೀಲಿ ಬಿಡು."